ಏಟು ತಿನ್ನುವ ಪಾರ್ಟು

೧೪ ಜುಲೈ, ಭಾನುವಾರ

ಚಿರಂಜೀವಿ ಗಿಣಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀನೂ ಹೊತ್ತಿಗೆ ಸರಿಯಾಗಿ ಉಂಡು, ಗಂಟಲು ಕಾಪಾಡಿಕೊಂಡು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಲವತ್ತು ದಾಟಿದ ಗಂಡಸನ್ನು ಇನ್ನೂ ಗಿಣಿ ಅಂತ ಕರೀತೀಯಲ್ಲಪ್ಪ ಎಂದು ನಿನ್ನಕ್ಕ ಬೈಯುತ್ತಾಳೆ. ಏನು ಮಾಡಲಿ, ಮಾತು ಬಂದ ಹೊಸದರಲ್ಲೇ ಪಕ್ಕದ ಮನೆಯಜ್ಜನ ಕೆಮ್ಮನ್ನು ಅವರ ಎದುರಿಗೇ ಅಣಕಿಸಿ ಆ ಹೆಸರು ಸಂಪಾದಿಸಿದವನು ನೀನೇ.

ಕಾಗದ ತಡವಾಯಿತು. ಮನೆ ಸೇರಿದ ಕೂಡಲೇ ಬರೆಯುತ್ತೇನೆ ಎಂದು ಹೇಳಿ ವಿಮಾನ ಹತ್ತಿದವನು ನಾನು. ತಿಂಗಳುಗಳೇ ಕಳೆದವು. ಫೋನಿನಲ್ಲಿ ಮಾತಾಡಿದ್ದೇವಲ್ಲ ಎಂದು ನೀನು ಅನ್ನಬಹುದು. 'ಊಟ ಆಯ್ತಾ?' 'ಆಯ್ತು.' 'ಮಾತ್ರೆ ತಗೊಂಡ್ಯಾ?' 'ತಗೊಂಡೆ.' ಅಪ್ಪ ಮಗ ಇಷ್ಟನ್ನು ಮಾತಾಡಲು ಸಮುದ್ರದಾಚೆಗೆ ಫೋನು ಯಾಕೆ ಬೇಕು? ಇಡೀ ವೃತ್ತಿಯಲ್ಲಿ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರನ ಕಿವಿಗೆ ಮುಟ್ಟುವಂತೆ 'ರೈಟ್' ಎಂದವನು ನಾನು; ಆಡಲೇಬೇಕಾದ ಮಾತು ಬಂದಾಗ ಮಾತ್ರ ಮಾತ್ರೆಯ ವಿಷಯ ಕೇಳಿ ಫೋನು ಇಟ್ಟುಬಿಡುತ್ತೇನೆ. ಅದಕ್ಕೇ ಇವತ್ತು ಪೆನ್ನು ಹಿಡಿದಿದ್ದೇನೆ.

ಮನೆಯ ಸುದ್ದಿ ಮೊದಲು. ನಿನ್ನಕ್ಕನ ಹೊಲಿಗೆ ಅಂಗಡಿಗೆ ಹೊಸ ಯಂತ್ರ ಬಂದಿದೆ. ಅದಕ್ಕೆ ಸದ್ದೇ ಇಲ್ಲ, ಹಾಗಾಗಿ ಅವಳ ಮಾತು ಈಗ ಬೀದಿಯ ಕೊನೆವರೆಗೂ ಕೇಳಿಸುತ್ತದೆ. ನಿನ್ನ ಭಾವನ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ, ನಾಲಿಗೆ ಮಾತ್ರ ಇನ್ನೂ ಬಂದಿಲ್ಲ. ಅವರ ಮಗಳು ಶಾಲೆಯ ನಾಟಕದಲ್ಲಿ ಮರದ ಪಾರ್ಟು ಮಾಡಿದಳು. 'ಮಾವನ ಮೊದಲನೇ ಪಾರ್ಟು ಏನು ತಾತಾ?' ಎಂದು ಕೇಳಿದಳು. 'ಹೆಣ' ಎಂದೆ. ಬಿದ್ದು ಬಿದ್ದು ನಕ್ಕಳು.

ನೀನು ಆ ದೇಶದಿಂದ 'ಅಪ್ಪಾ, ಸಿನಿಮಾದಲ್ಲಿ ಹೆಣದ ಪಾರ್ಟು ಸಿಕ್ಕಿದೆ, ಮುಖ ಕಾಣಿಸುತ್ತದೆ' ಎಂದು ಬರೆದಾಗ ನಾನು ಡಿಪೋದಲ್ಲೆಲ್ಲ ಸಾರಿಕೊಂಡು ಬಂದಿದ್ದೆ. ನಮ್ಮ ಡ್ರೈವರ್ 'ಹೆಣಕ್ಕೆ ಏನ್ ಆಕ್ಟಿಂಗು ಕಂಡಕ್ಟ್ರೇ?' ಎಂದ. 'ಉಸಿರು ಬಿಗಿ ಹಿಡ್ಕೊಂಡು ಮಲಗಿ ನೋಡು, ಗೊತ್ತಾಗುತ್ತೆ' ಎಂದೆ. ಆಮೇಲೆ ನೀನು ಎದ್ದು ಕೂತೆ. ಟ್ಯಾಕ್ಸಿಯವನಾದೆ, ತಟ್ಟೆ ಇಡುವವನಾದೆ, ಆಪರೇಷನ್ ಕೋಣೆಯಿಂದ ಹೊರಗೆ ಬಂದು ತಲೆ ಅಲ್ಲಾಡಿಸುವ ಡಾಕ್ಟರಾದೆ. ಮುಖ ಬೇಡವಾದ ಕಡೆ ಬರೀ ಕಂಠವಾದೆ. ಮಕ್ಕಳ ಕಾರ್ಟೂನಿನ ಕರಡಿ ನೀನೇ, ಮಾತ್ರೆಯ ಜಾಹೀರಾತಿನ ಕೊನೆಗೆ ಉಸಿರು ಬಿಡದೆ ಎಚ್ಚರಿಕೆ ಓದುವವನೂ ನೀನೇ.

ನಾನು ನಿನ್ನನ್ನು ನೋಡಲು ಅಲ್ಲಿಗೆ ಬಂದ ಎರಡನೇ ದಿನ ನೀನು ನನ್ನನ್ನು ಆ ದೊಡ್ಡ ಅಂಗಡಿಯ ಲಿಫ್ಟಿನಲ್ಲಿ ನಿಲ್ಲಿಸಿ 'ಕೇಳಪ್ಪಾ' ಎಂದೆಯಲ್ಲ. ಮೇಲಿನಿಂದ ನಿನ್ನ ದನಿ ಅವರ ಭಾಷೆಯಲ್ಲಿ ಏನೋ ಹೇಳಿತು. ಏನಂತೆ ಎಂದರೆ, 'ಬಾಗಿಲು ಮುಚ್ತಿದೆ, ಒಳಗೆ ಸರೀರಿ' ಎಂದು ಅರ್ಥ ಹೇಳಿದೆ. 'ಅಯ್ಯೋ ಮಂಕೇ, ನಾನು ಜೀವಮಾನವೆಲ್ಲ ಹೇಳಿದ್ದೂ ಅದನ್ನೇ ಕಣೋ!' ಎಂದು ನಾನು ಜೋರಾಗಿ ನಕ್ಕುಬಿಟ್ಟೆ. ಲಿಫ್ಟಿನಲ್ಲಿದ್ದವರು ತಿರುಗಿ ನೋಡಿದರು. ನೀನೂ ನಗುತ್ತಿದ್ದೆ. ಅಲ್ಲಿದ್ದ ದಿನಗಳಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಇರಬೇಕು.

ಶೂಟಿಂಗಿಗೆ ಕರೆದುಕೊಂಡು ಹೋಗು ಎಂದು ಗಂಟುಬಿದ್ದವನು ನಾನು. ನೀನು ಬೇಡವೆಂದೆ. 'ಬೋರಾಗುತ್ತೆ, ಕೂರಕ್ಕೂ ಜಾಗ ಇರಲ್ಲ' ಎಂದೆ. ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಮಗ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕೆಂಬ ಹಟ ನನಗೆ.

ಆ ಗೋದಾಮಿನಂಥ ಶೆಡ್ಡು ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದಿನಿಂದ ನೋಡಿದರೆ ಭಾರೀ ಹೋಟೆಲು, ಹಿಂದೆ ಹೋದರೆ ಪ್ಲೈವುಡ್ಡು, ಮೊಳೆ. ನೀನು ಹಿತ್ತಾಳೆ ಗುಂಡಿಯ ಕೋಟು ತೊಟ್ಟ ಹೋಟೆಲಿನ ಕಾವಲುಗಾರ. ಸುತ್ತ ಬೀದಿಯ ಜನವಾಗಿ ನಿಲ್ಲಲು ದಿನಗೂಲಿಗೆ ಬಂದ ಒಂದು ಗುಂಪು. ಹೀರೋ ಕಾರಿನಿಂದ ಇಳಿದು ಬರುತ್ತಾನೆ, ನೀನು ತಡೆಯುತ್ತೀಯ, ಅವನು ನಿನ್ನ ಕೆನ್ನೆಗೆ ಬಾರಿಸುತ್ತಾನೆ, ನೀನು ಮಂಡಿಯೂರುತ್ತೀಯ. ಅಷ್ಟೇ. 'ಕೆಂಪು ದೀಪ ಹತ್ತಿದ್ರೆ ಕೆಮ್ಮಲೂ ಬಾರದು ಅಪ್ಪಾ' ಎಂದು ನೀನು ಹೇಳಿ ಹೋಗಿದ್ದೆ. ನಾನು ಆ ಗುಂಪಿನ ಅಂಚಿನಲ್ಲಿ ಬಾಯಿಗೆ ಕರವಸ್ತ್ರ ಹಿಡಿದು ನಿಂತಿದ್ದೆ.

ನಟನೆ ಎಂದು ನನಗೆ ಗೊತ್ತಿತ್ತು ಗಿಣಿ. ನಾನು ಅಷ್ಟು ಪೆದ್ದನಲ್ಲ. ಮೊದಲು ಅವನ ಕೈ ಗಾಳಿಯಲ್ಲೇ ಹೋಯಿತು. ಡೈರೆಕ್ಟರ್ ತಲೆ ಅಲ್ಲಾಡಿಸಿದ. ಆಮೇಲೆ ಕೈ ತಾಗಲು ಶುರುವಾಯಿತು. ಮತ್ತೆ, ಮತ್ತೆ. ನಿನ್ನ ಕೆನ್ನೆ ಕೆಂಪಾದಾಗ ಒಬ್ಬ ಹೆಣ್ಣುಮಗಳು ಬಂದು ಪೌಡರು ಹಚ್ಚಿ ಹೋದಳು. ಅದನ್ನೂ ತಡೆದುಕೊಂಡೆ.

ತಡೆಯಲಾಗದ್ದು ದೀಪ ಆರಿದಾಗ ನಡೆದದ್ದು. ಆ ಹೀರೋ ನಿನ್ನ ಗಲ್ಲ ಹಿಡಿದು, ಸಂತೆಯಲ್ಲಿ ಹೋರಿಯ ಹಲ್ಲು ನೋಡುವವನ ಹಾಗೆ ಮುಖವನ್ನು ಅತ್ತ ತಿರುಗಿಸಿ, ಲೈಟಿನವರಿಗೆ ಕೆನ್ನೆ ತೋರಿಸಿ ಏನೋ ಹೇಳಿದ. ಎಲ್ಲರೂ ನಕ್ಕರು. ನೀನೂ ನಕ್ಕೆ.

ಆ ನಗು ನನ್ನದು. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ರಜೆಯ ದಿನ ನಿನ್ನನ್ನು ನನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ತನ್ನ ಸ್ಟಾಪು ತಪ್ಪಿಹೋಯಿತೆಂದು ಒಬ್ಬ ನನ್ನ ಕೆನ್ನೆಗೆ ಹೊಡೆದ. ನೀನು ನೋಡುತ್ತಿದ್ದೀಯ ಎಂದು ನಾನು ಹಲ್ಲು ಕಿರಿದುಬಿಟ್ಟೆ. 'ನೋವಾಯ್ತಾ ಅಪ್ಪಾ?' ಎಂದೆ. 'ಇಲ್ಲ ಮರಿ, ಅವರು ತಮಾಷೆಗೆ ಹೊಡೆದದ್ದು' ಎಂದೆ. ಸಾಯಂಕಾಲ ನೀನು ನಿಮ್ಮಮ್ಮನ ಎದುರಿಗೆ ಆ ಏಟು, ಆ ನಗು ಎರಡನ್ನೂ ಹಾಗೆಹಾಗೇ ಮಾಡಿ ತೋರಿಸಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಎದ್ದುಹೋದಳು. ಮಕ್ಕಳಿಗೆ ಅಪ್ಪಂದಿರು ಮನೆ ಬಿಡುತ್ತಾರೆ, ಜಮೀನು ಬಿಡುತ್ತಾರೆ. ನಾನು ನಿನಗೆ ಬಿಟ್ಟದ್ದು ಇದನ್ನು.

ಆಮೇಲೆ ಕೆಂಪು ದೀಪ ಮತ್ತೆ ಹತ್ತಿತು. ಏಟು ಬಿತ್ತು. ನೀನು ಮಂಡಿಯೂರಿದೆ. ನಾನು ಬಾಯಿ ತೆರೆದದ್ದು ನನಗೇ ಗೊತ್ತಾಗಲಿಲ್ಲ.

'ಏಯ್! ಕೈ ಇಳಿಸೋ! ನನ್ನ ಮಗ ಕಣೋ ಅವನು!'

ಬಸ್ಸು ನಿಲ್ಲಿಸುತ್ತಿದ್ದ ದನಿ ಅದು. ಇಡೀ ಶೆಡ್ಡು ನಿಂತುಹೋಯಿತು. ನಾನು ದೀಪಗಳ ಬೆಳಕಿನೊಳಕ್ಕೆ ನಡೆದು ಬಂದು ನಿನ್ನ ಮತ್ತು ಅವನ ನಡುವೆ ನಿಂತು ನಿನ್ನ ಭುಜ ಹಿಡಿದು ಎತ್ತಲು ನೋಡಿದೆ. ನೀನು ಏಳಲಿಲ್ಲ. ಭಾರ ಬಿಟ್ಟು ಕೂತಿದ್ದೆ. ಡೈರೆಕ್ಟರ್ ಬಂದು ನಿನ್ನನ್ನು ಏನೋ ಕೇಳಿದ. ನೀನು ನನ್ನ ಕಡೆ ನೋಡದೆ ಒಂದೆರಡು ಮಾತು ಹೇಳಿದೆ. ಯಾರೋ ನನ್ನ ಮೊಣಕೈ ಹಿಡಿದು, ಒರಟಾಗೇನಲ್ಲ, ಹೊರಗೆ ಕರೆದುಕೊಂಡು ಹೋಗಿ ಆ ಗುಂಪಿನವರ ಬೆಂಚಿನ ಮೇಲೆ ಕೂರಿಸಿ ಊಟದ ಡಬ್ಬಿ ಕೈಗಿಟ್ಟರು.

ಪಕ್ಕದಲ್ಲಿ ನಮ್ಮ ಭಾಷೆ ಬಲ್ಲ ಒಬ್ಬ ಮುದುಕ ಕೂತಿದ್ದ. ಹಲ್ಲು ಉದುರಿದ ಮೇಲೆ ತನಗೆ ಬೇಡಿಕೆ ಹೆಚ್ಚಾಯಿತೆಂದು ತಾನೇ ಹೇಳಿಕೊಂಡ. ಆಮೇಲೆ ದನಿ ತಗ್ಗಿಸಿ ಕೇಳಿದ: 'ಯಜಮಾನ್ರೇ, ಈತ ಯಾರು ಅಂತ ಡೈರೆಕ್ಟ್ರು ಕೇಳಿದ್ದಕ್ಕೆ ಆ ಹುಡುಗ, ಗೊತ್ತಿಲ್ಲ ಸಾರ್, ಗುಂಪಿನವರು ಯಾರೋ ಇರಬೇಕು ಅಂದ. ನೀವು ನೋಡಿದ್ರೆ ಮಗ ಅಂದ್ರಿ?'

ನಾನು ಡಬ್ಬಿಯ ಮುಚ್ಚಳ ತೆಗೆಯಲು ಬಾರದವನ ಹಾಗೆ ಒದ್ದಾಡಿದೆ. ಅವನೇ ತೆಗೆದುಕೊಟ್ಟ. ಪೂರ್ತಿ ಉಂಡೆ, ಗಿಣಿ. ಹೊಟ್ಟೆಗೆ ನಾಚಿಕೆ ಇಲ್ಲ.

ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ನೀನು ಕಿಟಕಿಯ ಕಡೆ ತಿರುಗಿ 'ನಿಂಗೆ ಗೊತ್ತಾಗಲ್ಲಪ್ಪ ಇಲ್ಲಿಯ ಕಥೆ' ಎಂದೆ. ಆಮೇಲೆ ಆ ಮಾತೇ ನಮ್ಮ ನಡುವೆ ಬರಲಿಲ್ಲ. ನಿನ್ನಕ್ಕನಿಗೆ ಮೈ ಸರಿಯಿಲ್ಲ ಎಂದು ನಾನು ಬೇಗ ಹೊರಟು ಬಂದೆ. ಅವಳಿಗೆ ಏನೂ ಆಗಿರಲಿಲ್ಲ, ಕಲ್ಲುಗುಂಡಿನ ಹಾಗಿದ್ದಳು. ಅದು ನಿನಗೂ ಗೊತ್ತಿತ್ತೆಂದು ನನಗೆ ಗೊತ್ತು.

ನೀನು 'ಗೊತ್ತಿಲ್ಲ' ಎಂದದ್ದು ನನಗೆ ತಿಳಿದಿದೆ ಎಂದು ಹೇಳಿಬಿಡುವುದಕ್ಕೇ ಈ ಕಾಗದ. ತಿಳಿದೂ ಸುಮ್ಮನಿದ್ದರೆ ನಿನ್ನ ಮನಸ್ಸಿನಲ್ಲಿ ಅದು ಕೊಳೆಯುತ್ತಿರುತ್ತದೆ. ತಪ್ಪು ನನ್ನದು. ಕೆಲಸದ ಜಾಗಕ್ಕೆ ನುಗ್ಗಿ ನಿನ್ನ ಮರ್ಯಾದೆ ತೆಗೆದೆ. ನನ್ನ ಬಸ್ಸಿಗೆ ನನ್ನಪ್ಪ ಹತ್ತಿ ಬಂದು ಪ್ಯಾಸೆಂಜರನ ಜೊತೆ ಜಗಳಕ್ಕೆ ನಿಂತಿದ್ದರೆ ನಾನೇನು ಮಾಡುತ್ತಿದ್ದೆ? ನೀನು ಅಷ್ಟು ವರ್ಷ ಏಟು ತಿಂದು ತಿಂದು ಗಳಿಸಿದ ಜಾಗ ಅದು. ಒಂದು ಕೂಗಿಗೆ ಕಳೆಯುತ್ತಿದ್ದೆ. ನಿನ್ನ ಎದುರು ನಿಂತು ಇದನ್ನು ಹೇಳಲು ಮುಖವಿರಲಿಲ್ಲ.

ಇನ್ನೊಂದು ವಿಷಯ. ಆ ಸಿನಿಮಾ ನಮ್ಮ ಭಾಷೆಗೆ ಡಬ್ ಆಗಿ ಇಲ್ಲಿಯ ಟೀವಿಯಲ್ಲಿ ಬಂತು. ನಾನು ಕೆಡಿಸಿದೆ ಎಂದುಕೊಂಡಿದ್ದ ಶಾಟನ್ನೇ ಅವರು ಇಟ್ಟುಕೊಂಡಿದ್ದಾರೆ! ನೀನು ಮಂಡಿಯೂರಿದ್ದೀಯ, ಒಬ್ಬ ಮುದುಕ ಜನರ ನಡುವಿನಿಂದ ನುಗ್ಗಿ ಬರುತ್ತಾನೆ, ಬಾಯಿ ಅಗಲವಾಗಿ ತೆರೆಯುತ್ತಾನೆ. ಬಾಯಿ ನನ್ನದು. ಕಂಠ ನನ್ನದಲ್ಲ. ಮುದುಕನ ದನಿಯಂತೆ ಎಷ್ಟು ನಡುಗಿಸಿದರೂ ಅದು ನಿನ್ನದೆಂದು ನಾನು ಗುರುತಿಸದೆ ಇರುತ್ತೇನೆಯೇ? 'ಬಿಟ್ಬಿಡಿ ಸ್ವಾಮಿ! ಪಾಪದೋನು, ಇವನಿಗೆ ಹಿಂದೆ ಮುಂದೆ ಯಾರೂ ಇಲ್ಲ' ಎಂದು ಆ ಮುದುಕ ಕೈಮುಗಿಯುವವನ ದನಿಯಲ್ಲಿ ಹೇಳುತ್ತಾನೆ.

ಬರೆದುಕೊಟ್ಟದ್ದನ್ನು ಓದಿರುತ್ತೀಯ. ಅದರಲ್ಲಿ ನಿನ್ನದೇನೂ ಇಲ್ಲ. ನನ್ನ ತುಟಿಗೆ ನಿನ್ನ ಮಾತು ಎಷ್ಟು ಚೆನ್ನಾಗಿ ಕೂತಿದೆ ಎಂದರೆ, ನಾನು ನಿಜಕ್ಕೂ ಏನು ಕೂಗಿದ್ದೆನೆಂದು ಒಂದು ಗಳಿಗೆ ನನಗೇ ಅನುಮಾನ ಬಂತು. ಕಸುಬು ಕಲಿತಿದ್ದೀಯ. ಆ ದನಿ 'ಯಾರೂ' ಎನ್ನುವಲ್ಲಿ ಸ್ವಲ್ಪ ಒಡೆಯುತ್ತದಲ್ಲ, ಅದು ನಟನೆಯೋ ಏನೋ ನಾನು ಕೇಳುವುದಿಲ್ಲ.

ಚಳಿ ಬಂದಾಗ ಕಿವಿ ಮುಚ್ಚಿಕೋ. ದಿನವಿಡೀ ಕೂಗಿದ ಮೇಲೆ ತಣ್ಣೀರು ಕುಡಿಯಬೇಡ, ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಕಂಡಕ್ಟರನ ಗಂಟಲು ನಿವೃತ್ತಿಯವರೆಗೂ ಬಾಳಿದ್ದು ಅದರಿಂದಲೇ. ನಿನಗೆ ಒಳ್ಳೆಯ ಪಾರ್ಟುಗಳು ಬರಲಿ. ಬಾರದಿದ್ದರೂ ಮೈಗೆ ಪೆಟ್ಟಾಗದ ಪಾರ್ಟುಗಳು ಬರಲಿ. ಅಕ್ಕ, ಭಾವ, ಮಗು ಎಲ್ಲರೂ ನಿನ್ನನ್ನು ನೆನೆಯುತ್ತಾರೆ. ನೂರು ಕಾಲ ಸುಖವಾಗಿ ಬಾಳು.

ಇಂತಿ,
ನಿನ್ನ ಅಪ್ಪ

ಮ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಆ ಸಿನಿಮಾ ನೋಡಿದ್ದು ಮನೆಯಲ್ಲಲ್ಲ, ಕ್ಷೌರದಂಗಡಿಯಲ್ಲಿ. ಕುರ್ಚಿಯಲ್ಲಿ ಕೂತಿದ್ದೆ, ಮುಖದ ತುಂಬ ಸೋಪಿನ ನೊರೆ, ಹಾಗಾಗಿ ಟೀವಿಯ ಮುದುಕ ನಾನೇ ಎಂದು ಯಾರಿಗೂ ಹೊಳೆಯಲಿಲ್ಲ. ಏಟು ಬಿದ್ದಾಗ ಬೆಂಚಿನ ಮೇಲಿದ್ದವರು 'ಆಹಾ, ಏನ್ ಬಾರಿಸಿದ ನೋಡ್ರೀ!' ಎಂದು ಶಿಳ್ಳೆ ಹಾಕಿದರು. ಕ್ಷೌರದವನು ಕತ್ತಿ ಹಿಡಿದ ಕೈ ನಿಲ್ಲಿಸಿ ಟೀವಿ ನೋಡಿ, 'ಕಂಡಕ್ಟ್ರೇ, ಆ ವಾಚ್‌ಮನ್ ನಿಮ್ಮ ಗಿಣಿ ಅಲ್ವಾ?' ಎಂದ. ಚಿಕ್ಕಂದಿನಿಂದ ನಿನ್ನ ತಲೆಗೂದಲು ಕತ್ತರಿಸಿದವನು ಅವನು. ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. 'ಏ, ಎಲ್ಲಿ! ನನ್ನ ಮಗ ಇಂಥಾ ಪಾರ್ಟೆಲ್ಲ ಮಾಡಲ್ಲಪ್ಪ' ಎಂದೆ. 'ಇವನು ಯಾರೋ ಗೊತ್ತಿಲ್ಲ' ಎಂದೂ ಸೇರಿಸಿದೆ.

ನಿನಗಾದರೂ ಎದುರಿಗೆ ಡೈರೆಕ್ಟರಿದ್ದ, ನಾಳಿನ ಕೆಲಸವಿತ್ತು. ನನ್ನಿಂದ ಆ ಬೆಂಚಿನವರು ಕಿತ್ತುಕೊಳ್ಳುವಂಥದ್ದು ಏನಿತ್ತು? ಇನ್ನೊಂದು ಸಲ ಕೇಳಿದ್ದರೆ ನಿಜ ಹೇಳುತ್ತಿದ್ದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನೋಡಿದೆ. ಸುಳ್ಳು ಮಗನೇ. ಹೇಳುತ್ತಿರಲಿಲ್ಲ.