ಸ್ಪಾಸ್‌ನ ಹೃದಯ ಗಟ್ಟಿಯಾಗಿತ್ತು

ಪತ್ರಿಕಾ ಮೇಲ್ವಿಚಾರಣಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಗಂಡ ಸ್ಪಾಸ್ ಹೃದಯಾಘಾತದಿಂದ ಸತ್ತನೆಂದು ನಮ್ಮೂರಿನ ವಾರಪತ್ರಿಕೆ ಬರೆಯಿತು. ಅವನು ಸತ್ತದ್ದು ಗೊಬ್ಬರದ ಕಾರ್ಖಾನೆಯ ತುಕ್ಕು ಹಿಡಿದ ಪೈಪಿನಿಂದ ಸೋರಿದ ಅಮೋನಿಯಾದಿಂದ. ಸುಟ್ಟುಹೋದ ಅವನ ಗಂಟಲನ್ನು ಆಸ್ಪತ್ರೆಯಲ್ಲಿ ನಾನೇ ನೋಡಿದ್ದೇನೆ. ನನ್ನ ದೂರಿಗೆ ರಾಜಧಾನಿ ಸೋಫಿಯಾದಿಂದ ತಮ್ಮ ಉತ್ತರ ಬಂತು: "ಪತ್ರಿಕಾ ಸ್ವಾತಂತ್ರ್ಯಕ್ಕೆ ಯಾವುದೇ ಧಕ್ಕೆ ಕಂಡುಬಂದಿಲ್ಲ." ಸಂತೋಷ. ಕಾರ್ಖಾನೆಯ ಮಾಲೀಕರೇ ಪತ್ರಿಕೆಯ ಮಾಲೀಕರು, ಟಿವಿಯೂ ಅವರದೇ, ಮೇಯರ್ ಕೂಡ ಅವರ ಭಾವಮೈದುನನೇ. ಇಷ್ಟು ಒಗ್ಗಟ್ಟಿನ ಸಂಸಾರದಲ್ಲಿ ಧಕ್ಕೆ ಎಲ್ಲಿಂದ ಬಂದೀತು? ಹಿಂದೆ ಕಮ್ಯುನಿಸ್ಟ್ ಪಕ್ಷದ ಕಾಲದಲ್ಲಿ ಒಂದೇ ಪತ್ರಿಕೆಯಿತ್ತು, ಅದು ಸುಳ್ಳು ಹೇಳುತ್ತದೆಂದು ಮಕ್ಕಳಿಗೂ ಗೊತ್ತಿತ್ತು. ಈಗಿನದನ್ನು ಜನ ನಂಬುತ್ತಾರೆ.

ಇನ್ನೊಂದು ಮಾತು ದೂರಿನಲ್ಲಿ ಬರೆದಿರಲಿಲ್ಲ. ಆ ಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಪುಟ ಜೋಡಿಸುವವಳು ನಾನು. ಸ್ಪಾಸ್‌ನನ್ನು ಮಣ್ಣು ಮಾಡಿದ ಮರುದಿನ ಸಂಪಾದಕರು ಸುದ್ದಿಯನ್ನು ನನ್ನ ಮೇಜಿನ ಮೇಲಿಟ್ಟರು. "ಇದು ಸುಳ್ಳು ಸಾರ್" ಅಂದೆ.

"ಕೊನೇಗೆ ಎಲ್ರದ್ದೂ ಹೃದಯ ನಿಂತೇ ತಾನೆ ಪ್ರಾಣ ಹೋಗೋದು, ವೆಲಿಚ್ಕಾ? ಇದ್ರಲ್ಲಿ ಸುಳ್ಳೇನ್ ಬಂತು? ನಿಮ್ ಮಗಳು ಕಾರ್ಖಾನೆ ಲ್ಯಾಬಲ್ಲೇ ಇದ್ದಾಳಲ್ವಾ ಇನ್ನೂ?"

ನಾನು ಕೂತು ಜೋಡಿಸಿದೆ. ಹೆದರಿದೆ, ಅಷ್ಟೇ. ಅದಕ್ಕೆ ನೆಪ ಹುಡುಕುವುದಿಲ್ಲ.

ಅವನು ಸತ್ತ ನಲವತ್ತನೆಯ ದಿನಕ್ಕೆ, ನಮ್ಮಲ್ಲಿ ಎಲ್ಲರೂ ಮಾಡುವಂತೆ, ಅವನ ಫೋಟೋ ಇರುವ ಸಾವಿನ ಹಾಳೆಯನ್ನು ಬಾಗಿಲಿಗೂ ಬಸ್ ನಿಲ್ದಾಣಕ್ಕೂ ಅಂಟಿಸಿದೆ. "ಹೃದಯ ಗಟ್ಟಿಯಾಗಿತ್ತು. ಅಮೋನಿಯಾ ಕೊಂದಿತು" ಎಂದು ಬರೆದಿದ್ದೆ. ಸತ್ತವರ ಹಾಳೆಯನ್ನು ನಮ್ಮಲ್ಲಿ ಯಾರೂ ಕೀಳುವುದಿಲ್ಲ. ಗಾಳಿ ಮಳೆಗಳೇ ಒಯ್ಯಬೇಕು. ಮರುದಿನ ಬೆಳಿಗ್ಗೆ ನಗರಸಭೆಯ ಕೆಲಸಗಾರ ನನ್ನ ಬಾಗಿಲನ್ನು ಕೆರೆಯುತ್ತಿದ್ದ. "ನನ್ನ ಬೈಬೇಡಿ ಅಕ್ಕಾ, ಮೇಲಿನೋರ ಆರ್ಡರು. ಸ್ಪಾಸಣ್ಣ ನನ್ ಮದ್ವೇಲಿ ಕುಣಿದೋನು" ಎನ್ನುತ್ತ, ಫೋಟೋ ಹರಿಯದ ಹಾಗೆ ಬಿಡಿಸಿ ನನ್ನ ಕೈಗೆ ಕೊಟ್ಟ. ಅವನೂ ಅತ್ತ, ನಾನೂ ಅತ್ತೆ. ತಮ್ಮ ಮಂಡಳಿಗೆ ಇದೂ ಕಂಡುಬರಲಿಲ್ಲವೇನೋ.

ಕಳೆದ ಶನಿವಾರ ಸಮಾಧಿಯ ಬಳಿ ಸತ್ತವರ ಹೆಸರಿನಲ್ಲಿ ಕೊಡುವ ಸಿಹಿ ಗೋಧಿ ಹಂಚುತ್ತಿದ್ದಾಗ ಒಬ್ಬ ಹೆಂಗಸು ಬಂದು ಕೈಯೊಡ್ಡಿದಳು. ಸ್ಪಾಸ್‌ನ ಜಾಗಕ್ಕೆ, ಅದೇ ಪೈಪಿನ ಕೆಳಗೆ, ಈಗ ಅವಳ ಗಂಡ ಸೇರಿದ್ದಾನೆ. ಅವನು ಹುಷಾರಾಗಿರಲಿ ಅಂದೆ.

"ನಮ್ಮೋರ ಹೃದಯ ಚೆನ್ನಾಗಿದೆಯಂತೆ ಅಕ್ಕಾ. ಪೇಪರ್ ಓದಿದ್ಮೇಲೆ ಭಯ ಆಗಿ ಡಾಕ್ಟ್ರಿಗೆ ತೋರಿಸ್ದೆ."

"ಹೃದಯ ಅಲ್ಲಮ್ಮಾ, ಅಮೋನಿಯಾ."

ಅವಳು ನನ್ನ ಕೈ ಹಿಡಿದುಕೊಂಡಳು. ಪಾಪ, ದುಃಖದಲ್ಲಿ ಏನೋ ಮಾತಾಡುತ್ತಿದ್ದಾಳೆ ಎಂದುಕೊಂಡಿರಬೇಕು. "ಪೇಪರಲ್ಲಿ ಹಂಗ್ ಬಂದಿಲ್ವಲ್ಲ ಅಕ್ಕಾ" ಅಂದಳು.

ಮಾಲೀಕರಿಂದ ಪತ್ರಿಕೆಯನ್ನು ಬಿಡಿಸಿ ಎಂದು ತಮ್ಮನ್ನು ಕೇಳುವುದಿಲ್ಲ, ಅದು ತಮ್ಮ ಕೈಲಾಗದು. ಈ ವಾರದ ಸಂಚಿಕೆಯ ಮೊದಲ ಪುಟದಲ್ಲಿ ಆ ಪೈಪು ಸೋರುತ್ತದೆಂದು ಒಂದು ಸಾಲು ಹಾಕಿಸಿ. ಜಾಗ ನಾನು ಬಿಟ್ಟಿರುತ್ತೇನೆ. ಆ ಹೆಂಗಸಿಗೆ ಓದಲು ಬರುತ್ತದೆ.

ಇಂತಿ,
ಗಂಡನ ಸಾವಿನ ಸುಳ್ಳನ್ನು ಮೂರನೆಯ ಪುಟದಲ್ಲಿ ಅಚ್ಚುಕಟ್ಟಾಗಿ ಕೂರಿಸಿದ
ವೆಲಿಚ್ಕಾ