ನೊರೆ ಬರಬಾರದ ಶೀಶೆಗಳು

ಸಂಸ್ಥೆಯ ನಿರ್ದೇಶಕರೇ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ಅಷ್ಟಕ್ಕಷ್ಟೆ, ಮನ್ನಿಸಬೇಕು. ನನ್ನ ಓದು ನಾಲ್ಕನೇ ತರಗತಿಗೇ ನಿಂತಿತು. ನಿಮ್ಮ ಕೋಣೆಯ ಬಾಗಿಲವರೆಗೆ ಎರಡು ಸಲ ಬಂದು, ತಟ್ಟದೆ ಹಿಂತಿರುಗಿದೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ಮೂರನೇ ಮಹಡಿಯ ಮೇಡಂ ಅವರ ಪ್ರಯೋಗಾಲಯವನ್ನು ಮುಚ್ಚಲು ಹೊರಟಿದ್ದೀರಲ್ಲ, ಅಲ್ಲಿ ಆದ ತಪ್ಪು ಅವರದಲ್ಲ, ನಿಮ್ಮ ಸೋಪಿನದು.

ಮೇಡಂ ಇಪ್ಪತ್ತಾರು ವರ್ಷದಿಂದ ಕೊಬ್ಬಿನ ಬೆನ್ನು ಹತ್ತಿದ್ದಾರೆ. ನಮ್ಮ ಮೈಯ ಜೀವಕೋಶಗಳು ಕೊಬ್ಬನ್ನು ಸಣ್ಣ ಹನಿಗಳಾಗಿ ಕೂಡಿಡುತ್ತವಂತೆ, ಬೇಕಾದಾಗ ತೆಗೆದು ಉರಿಸುತ್ತವಂತೆ. ಕೂಡಿಡುವುದು ಗೊತ್ತಿದ್ದು ತೆಗೆಯುವುದು ಮರೆತ ಕೋಶ ಕಾಯಿಲೆ ಬೀಳುತ್ತದಂತೆ. ಆ ಮರೆವು ಎಲ್ಲಿ ಶುರುವಾಗುತ್ತದೆಂದು ಹುಡುಕುತ್ತಲೇ ಅವರ ತಲೆ ಬೆಳ್ಳಗಾಯಿತು. ನಾನು ಆರು ವರ್ಷದಿಂದ ಅವರ ಶೀಶೆ ತೊಳೆಯುವವಳು. ಮೊದಲ ದಿನ ಸೋಪು ಹಿಡಿದು ಸಿಂಕಿನ ಮುಂದೆ ನಿಂತಾಗ ಮೇಡಂ ಓಡಿ ಬಂದರು.

"ಅಯ್ಯೋ, ನಿಲ್ಲಮ್ಮಾ! ಸೋಪಿನ ಕೆಲಸ ಏನು ಹೇಳು?"

"ಜಿಡ್ಡು ತೆಗೆಯೋದು, ಮೇಡಂ."

"ನಾನು ಹುಡುಕ್ತಿರೋದೇ ಜಿಡ್ಡನ್ನ ಕಣೇ! ಒಂದು ಚೂರು ಸೋಪು ಉಳಿದ್ರೂ ನನ್ನ ಹನಿ ಒಡೆದುಹೋಗುತ್ತೆ."

ಅಂದಿನಿಂದ ಬಿಸಿನೀರು, ಶುದ್ಧ ನೀರು, ಕೊನೆಗೆ ಜಿಡ್ಡು ಕರಗಿಸುವ ದ್ರಾವಣ. ಕೈಗೆ ಗವಸು, ಏಕೆಂದರೆ ಬೆರಳಿನ ಎಣ್ಣೆಯೂ ಅಲ್ಲಿ ಸುಳ್ಳುಸಾಕ್ಷಿ ಹೇಳುತ್ತದೆ. ನಮ್ಮಕ್ಕ ನಗುತ್ತಿದ್ದಳು: "ಸೋಪಿಲ್ಲದೆ ತೊಳೆದ್ರೆ ಮನೇಲಿ ಬೈಗುಳ, ಅಲ್ಲಿ ಶಹಭಾಸ್! ನನ್ನೂ ಸೇರಿಸೇ."

ಮೂರು ತಿಂಗಳ ಹಿಂದೆ ನಿಮ್ಮ ಆಜ್ಞೆ ಬಂತು: 'ಸ್ವಚ್ಛತೆಯಲ್ಲಿ ಏಕರೂಪತೆ.' ಮಹಡಿಮಹಡಿಯ ಸಿಂಕುಗಳನ್ನು ಕಿತ್ತಿರಿ. ಎಲ್ಲರ ಶೀಶೆಯೂ ಕೆಳಗಿನ ದೊಡ್ಡ ಯಂತ್ರಕ್ಕೆ, ಎಲ್ಲಕ್ಕೂ ಒಂದೇ ಸೋಪು. ಉದ್ಘಾಟನೆಯ ದಿನ ಶೀಶೆಯೊಂದನ್ನು ಬೆಳಕಿಗೆ ಹಿಡಿದು "ಆಹಾ, ಕನ್ನಡಿ!" ಎಂದಿರಿ. ನಿಜ ಸ್ವಾಮಿ, ನಿಮ್ಮ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ಮೇಡಂ ಎರಡು ಪತ್ರ ಬರೆದರು. 'ವಿನಾಯಿತಿಗೆ ಅವಕಾಶವಿಲ್ಲ' ಎಂದು ಉತ್ತರ ಬಂತು. ನಾನೂ ಯಂತ್ರದವರಿಗೆ ಹೇಳಿದೆ.

"ಅಣ್ಣಾ, ಮೂರನೇ ಮಹಡಿಯದಕ್ಕೆ ಸೋಪು ಬೇಡ."

"ಓಹೋ, ವಿಜ್ಞಾನಿಗಳು ಬಂದ್ರು! ಬುಟ್ಟಿ ಇಟ್ಟು ಹೋಗು ತಾಯಿ."

ಇಟ್ಟು ಹೋದೆ. ಇನ್ನೊಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅದು ನನ್ನ ತಪ್ಪು.

ಆಮೇಲೆ ಅದೇ ಕೋಶ ಸೋಮವಾರ ಒಂದು ಉತ್ತರ ಕೊಟ್ಟರೆ ಮಂಗಳವಾರ ಇನ್ನೊಂದು ಕೊಡತೊಡಗಿತು. ವಿಚಾರಣೆಗೆಂದು ನೀವು ಕಳಿಸಿದ ಸಮಿತಿ ಸಿಂಕಿದ್ದ ಜಾಗವನ್ನು ನೋಡಲಿಲ್ಲ, ಮೇಡಂ ಅವರ ವಯಸ್ಸನ್ನು ನೋಡಿತು. 'ಕೈ ನಡುಗುತ್ತಿರಬಹುದು' ಎಂದು ಬರೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ದಡ್ಡರ ಕೆಲಸ ಎಂದುಕೊಂಡಿದ್ದೆ. ಅದಕ್ಕೂ ಇಷ್ಟು ಪದವಿಗಳು ಬೇಕೆಂದು ಈಗ ತಿಳಿಯಿತು. ಇಪ್ಪತ್ತಾರು ವರ್ಷ ನಡುಗದ ಕೈ ನಿಮ್ಮ ಯಂತ್ರ ಬಂದ ವಾರವೇ ನಡುಗಿತೇ? ಬರುವ ಸೋಮವಾರದ ಸಭೆಯಲ್ಲಿ ಮುಚ್ಚುವ ಆಜ್ಞೆಗೆ ನೀವು ಸಹಿ ಹಾಕಿದರೆ ಅವರು ಸಾಕಿದ ಕೋಶಗಳೆಲ್ಲ ಬ್ಲೀಚಿನ ಪಾಲು. ಸತ್ತ ಕೋಶಕ್ಕೆ ನೀವು ಆಮೇಲೆ ಮಾಡುವ ಮರುಪರಿಶೀಲನೆ ಜೀವ ಕೊಡುತ್ತದೆಯೇ?

ನನ್ನ ಬೇಡಿಕೆ ಒಂದೇ. ಸಹಿ ಹಾಕುವ ಮೊದಲು ಮೇಡಂ ಅದೇ ಪ್ರಯೋಗವನ್ನು ಸಮಿತಿಯ ಎದುರೇ ಮಾಡಲಿ. ಶೀಶೆಗಳಲ್ಲಿ ಅರ್ಧ ಯಂತ್ರ ತೊಳೆದವು, ಉಳಿದರ್ಧ ನಾನು ತೊಳೆದವು. ನನ್ನವೂ ತಪ್ಪು ಹೇಳಿದರೆ ಮೇಡಂ ಜೊತೆ ನನ್ನನ್ನೂ ಕಳಿಸಿ.

ನಿಮ್ಮ ಅಪ್ಪಣೆ ಕೇಳದೆ ಈ ಬೆಳಿಗ್ಗೆ ಒಂದು ಕೆಲಸ ಮಾಡಿದ್ದೇನೆ. ಕಟ್ಟಡದಲ್ಲಿ ಉಳಿದಿರುವ ಸಿಂಕು ನಿಮ್ಮ ಚಹಾ ಕೋಣೆಯದೊಂದೇ. ನೀವು ಬರುವ ಮೊದಲು ಅಲ್ಲಿ ಇಪ್ಪತ್ತನಾಲ್ಕು ಶೀಶೆಗಳನ್ನು ಹತ್ತತ್ತು ಸಲ ಬಿಸಿನೀರಲ್ಲಿ ತೊಳೆದು, ಶುದ್ಧ ನೀರು, ದ್ರಾವಣ ಹಾಯಿಸಿ, ಮೇಡಂ ಮೇಜಿನ ಮೇಲೆ ಬೋರಲು ಹಾಕಿ ಬಂದೆ.

ಇಂತಿ,
ಇದು ಅಚ್ಚಾಗುವ ಹೊತ್ತಿಗೆ ಕೆಲಸ ಉಳಿದಿದ್ದರೆ,
ಮೂರನೇ ಮಹಡಿಯ ಶೀಶೆ ತೊಳೆಯುವವಳು