ಸ್ವಾಮಿಯವರು ತೊಳೆಯುವ ಮೊದಲು

ಮಂಡ್ಯ, 22 ಏಪ್ರಿಲ್ 1943. ಪವಿತ್ರ ಗುರುವಾರ.

ಮೈಯೆಲ್ಲ ಸುಸ್ತು. ಆದರೆ ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಇವತ್ತು ಚರ್ಚಿನಲ್ಲಿ ಸ್ವಾಮಿಯವರು ಕಾಲು ತೊಳೆದ ಹನ್ನೆರಡು ಜನರಲ್ಲಿ ನಾನೂ ಒಬ್ಬ. ಸಕ್ಕರೆ ಕಾರ್ಖಾನೆಯ ಯಂತ್ರಕ್ಕೆ ಎಣ್ಣೆ ಬಿಡುವವನ ಕಾಲು ಹೇಗಿರುತ್ತದೆ? ಬೆಳಿಗ್ಗೆ ಹೆಂಡತಿ ಜ್ಞಾನಮ್ಮ ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ರೇಷನ್ನಿನ ಸೀಮೆಎಣ್ಣೆ ಹಚ್ಚಿ, ತೆಂಗಿನ ನಾರಿನಿಂದ ಉಜ್ಜಿದಳು. ಬಾಯಲ್ಲಿ ಬೈಗುಳ ನಿಲ್ಲಲಿಲ್ಲ.

"ಈ ಕಾಲ್ ನೋಡುದ್ರೆ ಸ್ವಾಮ್ಯೋರು ಏನಂದ್ಕತಾರೆ? ಆ ಕಾಲೂ ಕೊಡಿ ಇತ್ಲಾಗೆ."

ಮೂರು ಸಲ ನೀರು ಕಪ್ಪಾಯಿತು.

ಚರ್ಚಿನಲ್ಲಿ ಸ್ವಾಮಿಯವರು ಒಂದು ಚೊಂಬು ನೀರು ಬಿಟ್ಟು, ಒರೆಸಿ, ಪಾದಕ್ಕೆ ಮುತ್ತಿಟ್ಟರು. ಒರೆಸಿದ ಬಟ್ಟೆ ಬೆಳ್ಳಗೇ ಇತ್ತು. "ನಾಳೆ ಶಿಲುಬೆಯ ಮೇಲೆ ಪ್ರಾಣ ಕೊಡುವ ಪ್ರಭುಗಳು ಇಂದು ಬಗ್ಗಿ ಹನ್ನೆರಡು ಶಿಷ್ಯರ ಕಾಲು ತೊಳೆದರು. ಪ್ರೀತಿ ಅಂದರೆ ಇದೇ" ಎಂದರು. ನನಗೆ ಬಚ್ಚಲ ಕಪ್ಪು ನೀರು ನೆನಪಾಯಿತು. ಜ್ಞಾನಮ್ಮ ಹಿಂದೆಲ್ಲೋ ಹೆಂಗಸರ ನಡುವೆ ಕೂತಿದ್ದಳು.

ಮನೆಗೆ ಬಂದವನೇ, "ನಿನ್ ಕಾಲು ಕೊಡು, ನಾನು ತೊಳೀತೀನಿ" ಅಂದೆ.

ನಕ್ಕುಬಿಟ್ಟಳು. "ಅಯ್ಯೋ ಬುಡಿ, ಸುಮ್ಕೆ ನೀರು ದಂಡ. ಅದ್ರ ಬದ್ಲು ಎಲ್ಡು ಕೊಡ ಸೇದಾಕಿ."

ಬಾವಿಕಟ್ಟೆ ಸುತ್ತ ಬರೀ ಕೆಸರು. ಸ್ವಾಮಿಯವರು ಮುತ್ತಿಟ್ಟ ಕಾಲಲ್ಲವೇ ಎಂದು ಜಗುಲಿಯಲ್ಲೇ ಕೂತೆ. ಸ್ವಲ್ಪ ಹೊತ್ತು ನೋಡಿ ಅವಳೇ ಕೊಡ ತಗೊಂಡು ಹೋದಳು. ರಾಟೆ ಕಿರುಗುಟ್ಟಿದ ಸದ್ದು ಇನ್ನೂ ಕಿವಿಯಲ್ಲಿದೆ.

ನನ್ನ ಕಾಲು ಈಗಲೂ ಬೆಳ್ಳಗೇ ಇದೆ.